ಎರಡು ಗೆರೆಯ ದಾರಿ, ನನ್ನ ನಾಲ್ಕನೇ ಸಹಿ

ಕಾಡುದಾರಿಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಸಹಿ ನನಗೆ ವಾಪಸ್ ಬೇಕು. ಫೆಬ್ರವರಿಯಲ್ಲಿ ನೀವು ಒಂದು ಆದೇಶ ಹೊರಡಿಸಿದ್ರಿ. ಶೆಫೀಲ್ಡ್ ಊರಾಚೆ ಗುಡ್ಡದ ಮೇಲಿನ ಪೈನ್ ತೋಪಲ್ಲಿ, ಹಿಮ ಬಿದ್ದಾಗ ಸ್ಕೀ ಮಾಡೋರಿಗೆ ದಾರಿ ಹದ ಮಾಡ್ತಿದ್ದ ಒಂದೇ ಒಂದು ಸ್ನೋಮೊಬೈಲ್, ಹಿಮದ ಮೇಲೆ ಓಡೋ ಆ ಯಂತ್ರ, ಇನ್ನು ಮೇಲೆ ಗೇಟು ದಾಟಬಾರದು ಅಂತ. ಕಾರಣ, ಹದಿನಾಲ್ಕು ಜನ ನಾಗರಿಕರು ಸಹಿ ಹಾಕಿದ ದೂರು. ಅದರಲ್ಲಿ ನಾಲ್ಕನೇ ಸಹಿ ನಂದು. ದೂರು ಸುಳ್ಳಲ್ಲದಿದ್ರೂ ಅರ್ಧ ಸತ್ಯ, ದಾರಿ ಕೆಡಿಸಿದವರು ನಾವೇ, ಅಂತ ನಾನು ಮೂರು ಸಲ ಬರೆದೆ. ಮೂರು ಸಲವೂ ಒಂದೇ ಉತ್ತರ. ಮುಕ್ತಾಯಗೊಂಡ ದೂರಿನಿಂದ ಸಹಿ ಹಿಂಪಡೆಯಲು ಅವಕಾಶವಿಲ್ಲ, ವಿಷಯ ಮತ್ತೆ ಪರಿಶೀಲನೆಗೆ ಬರುವುದು ಹದಿನೆಂಟು ತಿಂಗಳ ನಂತರ. ಅಂದ್ರೆ ಬರೋ ಚಳಿಗಾಲ ಪೂರ್ತಿ ಕಳೆದ ಮೇಲೆ. ಇಷ್ಟು ಗಟ್ಟಿಯಾಗಿ ನನ್ನ ಮಾತನ್ನ ಹಿಡ್ಕೊಂಡಿರೋ ಕಚೇರಿ ಈ ದೇಶದಲ್ಲಿ ಬೇರೆ ಇಲ್ಲ. ನನ್ನ ಜಿಪಿ ಡಾಕ್ಟರಿಗೆ ನನ್ನ ಹೆಸರೇ ನೆನಪಿರಲ್ಲ.

ನಿಮಗೆ ಕನ್ನಡ ಬರಲ್ಲ ಅಂತ ಗೊತ್ತು. ಇಂಗ್ಲಿಷಲ್ಲಿ ಬರೆದಾಗಲೂ ಓದಿದ ಲಕ್ಷಣ ಕಾಣಲಿಲ್ಲ, ಹಾಗಾಗಿ ಭಾಷೆ ಅಡ್ಡಿಯಲ್ಲ ಅಂತ ತೀರ್ಮಾನಿಸಿದೆ. ಜೊತೆಗೆ, ಸಹಿ ಹಾಕಿದ ಹದಿನಾಲ್ಕು ಜನಾನೂ ಕನ್ನಡ ಓದ್ತಾರೆ. ಇನ್ನೊಂದು ವಿಷಯ. ಇದನ್ನ ನಾನು ಕೂತು ಬರೀತಿಲ್ಲ. ಒಂದು ಕಡೆ ಕೂರೋ ಜಾಯಮಾನ ನಂದಲ್ಲ. ಶಿಫ್ಟ್ ಮುಗಿಸಿ ಟ್ರಾಮ್ ಸ್ಟಾಪಿಂದ ಮನೆವರೆಗೆ ನಡೀತಾ ಫೋನಿಗೆ ಹೇಳ್ತೀನಿ, ನಮ್ಮ ಮನೆ ಹಂಚ್ಕೊಂಡಿರೋ ಸಿಂಚನಾ ಟೈಪ್ ಮಾಡ್ತಾಳೆ. ಬೈಗುಳ ಇದ್ದ ಕಡೆ ಅವಳು ‘ಮಾನ್ಯರೇ’ ಅಂತ ಹಾಕ್ತೀನಿ ಅಂದಿದ್ದಾಳೆ. ಪತ್ರದಲ್ಲಿ ‘ಮಾನ್ಯರೇ’ ಜಾಸ್ತಿ ಕಂಡರೆ ಅರ್ಥ ಮಾಡ್ಕೊಳ್ಳಿ.

ಮೊದಲು ಆ ಯಂತ್ರ ಯಾರದು ಅಂತ ಹೇಳ್ತೀನಿ, ಯಾಕಂದ್ರೆ ನಿಮ್ಮ ಆದೇಶದಲ್ಲಿ ಅದು ಬರೀ ‘ಮೋಟಾರು ವಾಹನ’. ಅದು ದೂಮಪ್ಪ ಅವರದ್ದು. ಕುಂದಾಪುರದ ಕಡೆಯವರು, ಇಲ್ಲಿನ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಸ್ಕಾಟ್ಲೆಂಡಿನ ಯಾರೋ ಗುಜರಿಗೆ ಹಾಕಿದ್ದ ಸ್ನೋಮೊಬೈಲ್ ತಂದು ಶೆಡ್ಡಲ್ಲಿ ಬಿಚ್ಚಿ ಜೋಡಿಸಿದ್ರು. ಅದರ ಹಿಂದೆ ಒಂದು ಭಾರದ ಹಲಗೆ, ಹಲಗೆ ಕೆಳಗೆ ಎರಡು ಮರದ ಪಟ್ಟಿ. ಯಂತ್ರ ಮುಂದೆ ಹೋದ ಹಾಗೆ ಹಲಗೆ ಹಿಮವನ್ನ ಒತ್ತಿ ಸಮ ಮಾಡುತ್ತೆ, ಪಟ್ಟಿಗಳು ಎರಡು ಗೆರೆ ಕೊರೆಯುತ್ತವೆ. ಆ ಗೆರೆಯೊಳಗೆ ಸ್ಕೀ ಇಟ್ಟರೆ ಅದು ತಾನೇ ದಾರಿ ಬಿಟ್ಟು ಹೋಗಲ್ಲ. ಇಲ್ಲಿ ಹಾಗೆ ಹಿಮ ನಿಲ್ಲೋದೇ ವರ್ಷಕ್ಕೆ ಏಳೆಂಟು ದಿನ.

ದೂಮಪ್ಪನವರ ನಿಯಮ ಕೇಳಿ. ಹಿಮ ಒಂದು ಗೇಣಿಗಿಂತ ಕಮ್ಮಿ ಇದ್ದರೆ ಯಂತ್ರ ಹೊರಗೆ ತೆಗೆಯಲ್ಲ, ಕೆಳಗಿನ ಮಣ್ಣು ಕಿತ್ತು ಬರುತ್ತೆ ಅಂತ. ಬೆಳಗಿನ ನಾಲ್ಕಕ್ಕೆ ಶುರು ಮಾಡಿ ಆರಕ್ಕೆ ಮುಗಿಸ್ತಾರೆ, ಆಗ ಯಾರೂ ಇರಲ್ಲ, ಜನ ಬರೋ ಮುಂಚೆ ಗೆರೆ ಗಟ್ಟಿಯಾಗೋಕೆ ಎರಡು ಗಂಟೆ ಸಿಗುತ್ತೆ. ದೂರದಲ್ಲಿ ಒಂದು ನಾಯಿ ಕಂಡರೂ ಎಂಜಿನ್ ಆರಿಸಿ ಪಕ್ಕಕ್ಕೆ ನಿಲ್ತಾರೆ. ನಡೆಯೋರಿಗೆ ದಾರಿಯ ಎಡಕ್ಕೆ ಅಗಲವಾಗಿ ಜಾಗ ಬಿಟ್ಟೇ ಗೆರೆ ಎಳೀತಾರೆ. ಇದನ್ನೆಲ್ಲ ಅವರಿಗೆ ನೀವು ಹೇಳಿಕೊಟ್ರಾ? ಇಲ್ಲ. ಆದರೆ ಎಡಕ್ಕೆ ನಡೀಬೇಕು, ಬಲಕ್ಕೆ ಕಾಲಿಡಬಾರದು ಅಂತ ಗೇಟಲ್ಲಿ ಒಂದು ಬೋರ್ಡ್ ಹಾಕಿ ಅಂತ ಅವರು ನಾಲ್ಕು ವರ್ಷದಿಂದ ನಿಮಗೆ ಬರೀತಿದ್ದಾರೆ. ಬೋರ್ಡ್ ಬರಲಿಲ್ಲ. ನಾವು ಬಂದ್ವಿ.

ಜನವರಿಯ ಎರಡನೇ ಭಾನುವಾರ. ಆ ಗೇಟಿನ ಫೋಟೋ ತೆಗೆದು ನಮ್ಮ ಕನ್ನಡ ವಾಟ್ಸಾಪ್ ಗುಂಪಿಗೆ ಹಾಕಿದವನು ನಾನು. ‘ಎಷ್ಟು ನೀಟಾಗಿ ದಾರಿ ಮಾಡಿಟ್ಟಿದ್ದಾರೆ ನೋಡಿ, ಮಕ್ಕಳನ್ನ ಕೂರಿಸೋ ಪುಶ್‌ಚೇರ್ ಕೂಡ ಬರುತ್ತೆ’ ಅಂತ ಬರೆದೆ. ಲೀಡ್ಸಿಂದ, ಸ್ಟಾಕ್‌ಪೋರ್ಟಿಂದ ಕಾರುಗಳು ಬಂದವು. ಮೂವತ್ತು ಜನ ಆದ್ವಿ. ಚಿತ್ರಾನ್ನ ಬಂತು, ಫ್ಲಾಸ್ಕಲ್ಲಿ ಕಾಫಿ ಬಂತು.

ಈಗ ನಾವು ಮಾಡಿದ ತಪ್ಪು ನೋಡಿ. ನಾವು ಒರಟಾಗಿ ನಡೆದಿದ್ದರೆ ಬಹುಶಃ ಇಷ್ಟು ಹಾಳಾಗ್ತಿರಲಿಲ್ಲ. ನಾವು ಬಹಳ ಮರ್ಯಾದೆಯಿಂದ ನಡೆದ್ವಿ. ಎಡಗಡೆ ಯಾರೂ ಮುಟ್ಟದ ಹಿಮ, ಬೆಳ್ಳಗೆ, ಒಂದು ಗೆರೆ ಇಲ್ಲ. ಬಲಗಡೆ ಯಾರೋ ಒತ್ತಿ, ಗೆರೆ ಎಳೆದು, ರೆಡಿ ಮಾಡಿದ ದಾರಿ. ನಮ್ಮ ಗುಂಪಿನ ವರಲಕ್ಷ್ಮಿ ಆಂಟಿ ಎಲ್ಲರಿಗಿಂತ ಮುಂದೆ ನಿಂತು ಮಕ್ಕಳಿಗೆ ಹೇಳಿದ್ರು, “ಆ ಕಡೆ ತುಳೀಬೇಡ್ರೋ, ಎಷ್ಟು ಚೆನ್ನಾಗಿ ಬಿದ್ದಿದೆ, ರಂಗೋಲಿ ಮೇಲೆ ಯಾರಾದ್ರೂ ಕಾಲಿಡ್ತಾರಾ? ಈ ಗೆರೆಯೊಳಗೇ ಬನ್ನಿ.” ಮಕ್ಕಳು “ಓಕೆ ಅಜ್ಜಿ” ಅಂದ್ವು. ನಾವು ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ಒಂದು ಗೆರೆಗೆ ಎಡಗಾಲು, ಇನ್ನೊಂದಕ್ಕೆ ಬಲಗಾಲು ಇಟ್ಟು ನಡೆದ್ವಿ. ಅಳತೆ ಕೂಡ ಸರಿಯಾಗಿತ್ತು. ಎಂಥ ಸಭ್ಯ ಜನ ನಾವು ಅಂತ ನನಗೇ ಒಳಗೊಳಗೆ ಖುಷಿ. ಅರವತ್ತು ಬೂಟು, ಒಂದೂವರೆ ಕಿಲೋಮೀಟರು. ಗೆರೆ ಹೋಗಿ ಗುಂಡಿ ಸಾಲು ಆಯ್ತು.

ನಾವು ವಾಪಸ್ ಹೊರಟಾಗ ಹಿಂದಿನ ತಿರುವಿನಾಚೆಯಿಂದ ಕೆಂಪು ಜಾಕೆಟ್ಟಿನ ಒಬ್ಬ ಹೆಂಗಸು ಸ್ಕೀ ಮೇಲೆ ಬಂದ್ರು. ವಯಸ್ಸು ಅರವತ್ತರ ಮೇಲೆ. ಚೆನ್ನಾಗಿ ವೇಗವಾಗಿ ಬರ್ತಿದ್ರು, ನಮ್ಮನ್ನ ನೋಡಿ ನಿಲ್ಲಿಸ್ತಾರೆ ಅಂದ್ಕೊಂಡ್ವಿ. ನಿಲ್ಲಿಸಲಿಲ್ಲ. ನಮ್ಮ ಹೆಜ್ಜೆ ಗುಂಡಿಗೆ ಸ್ಕೀ ತುದಿ ಸಿಕ್ಕಿ ಮುಂದಕ್ಕೆ ಬಿದ್ರು. ನಾನು ಕೈ ಕೊಡೋಕೆ ಹೋಗುವಷ್ಟರಲ್ಲಿ “ಪರವಾಗಿಲ್ಲ, ಪರವಾಗಿಲ್ಲ” ಅಂತ ಕನ್ನಡದಲ್ಲೇ ಹೇಳಿ ಎದ್ದು ಕೂತ್ರು. ಹಿಂದೆ ಓಡಿ ಬಂದವರು ದೂಮಪ್ಪ. ವರಲಕ್ಷ್ಮಿ ಆಂಟಿ ಮಕ್ಕಳನ್ನ ಕರೆಯೋದು ಅವರ ಕಿವಿಗೆ ಬಿದ್ದಿತ್ತು, ಹಾಗಾಗಿ ಬೈದಿದ್ದು ಶುದ್ಧ ಕನ್ನಡದಲ್ಲಿ.

“ಎಂತ ಮಾರಾಯ್ರೆ, ಕಣ್ಣುಂಟಲ್ಲ ನಿಮಗೆ ಅಷ್ಟೂ ಜನಕ್ಕೆ? ಅಷ್ಟು ಅಗಲ ಜಾಗ ಬಿಟ್ಟದ್ದು ಯಾರಿಗೆ, ಮೊಲಕ್ಕಾ?”

ನಮ್ಮ ವಿನಾಯಕ ಮೀಡಿಯಾಸಿಟಿಯ ಒಂದು ಟಿವಿ ಕಂಪನಿಯಲ್ಲಿ ಮ್ಯಾನೇಜರ್. ಹೆಂಡತಿ ಮಕ್ಕಳ ಎದುರಿಗೆ ಬೈಸ್ಕೊಂಡು ಅಭ್ಯಾಸ ಇಲ್ಲ. “ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ, ಇದು ಪಬ್ಲಿಕ್ ದಾರಿ” ಅಂದ. “ಪಬ್ಲಿಕ್ಕಿಗೇ ಅಲ್ವಾ ನಾನು ನಾಲ್ಕು ಗಂಟೆಗೆ ಎದ್ದದ್ದು” ಅಂದ್ರು ಅವರು. ಅಷ್ಟೇ. ಬಸ್ ಸ್ಟಾಪಿಗೆ ಬರೋ ಹೊತ್ತಿಗೆ ವಿನಾಯಕ ದೂರು ಬರೆದಾಗಿತ್ತು. ಆಕ್ರಮಣಕಾರಿ ವರ್ತನೆ, ಮಕ್ಕಳಿರುವ ಜಾಗದಲ್ಲಿ ಮೋಟಾರು ವಾಹನ. ಫೋನು ಕೈಯಿಂದ ಕೈಗೆ ಬಂತು. ಕೈ ಮರಗಟ್ಟಿತ್ತು, ಬಸ್ಸು ಬರ್ತಿತ್ತು, ಓದದೆ ಬೆರಳಾಡಿಸಿದೆ. ನಾಲ್ಕನೇ ಸಹಿ.

ಮಾನ್ಯರೇ, ನನ್ನ ಕೆಲಸ ಆಸ್ಪತ್ರೆಯ ಪ್ಲಾಸ್ಟರ್ ರೂಮಲ್ಲಿ. ಮುರಿದ ಮೂಳೆಗೆ ಪಟ್ಟಿ ಸುತ್ತೋನು ನಾನು. ಮರುದಿನ ಬೆಳಿಗ್ಗೆ ಮೂರನೇ ಪೇಷಂಟ್ ಕೆಂಪು ಜಾಕೆಟ್. ಹೆಸರು ಚಿತ್ರಾಕ್ಷಿ, ದೂಮಪ್ಪನವರ ಹೆಂಡತಿ, ಇದೇ ಊರಲ್ಲಿ ನರ್ಸ್ ಆಗಿದ್ದವರು. ಎಡ ಮಣಿಕಟ್ಟು ಬಿರುಕು ಬಿಟ್ಟಿತ್ತು. ಅವರ ವಿಷಯ ಇಲ್ಲಿ ಹೇಳೋಕೆ ಅವರೇ ಒಪ್ಪಿದ್ದಾರೆ, “ಹೆಸರೂ ಹಾಕು, ತಪ್ಪಿಲ್ಲದೆ ಹಾಕು” ಅಂದಿದ್ದಾರೆ. ಪಟ್ಟಿ ಒದ್ದೆ ಮಾಡ್ತಾ ಕೇಳಿದೆ, “ನಮ್ಮನ್ನ ನೋಡಿ ನಿಲ್ಲಿಸಬಹುದಿತ್ತಲ್ಲ, ಮೇಡಂ?”

“ನಡುವಿನದ್ದು ಕಾಣುದಿಲ್ಲ ಮಗಾ ನನಗೆ. ಅಂಚಿನದ್ದು ಮಾತ್ರ ಉಂಟು. ನಿನ್ನ ಮುಖ ಈಗ ಒಂದು ತೂತು.”

ನಾನು ಪಟ್ಟಿಯ ನೀರು ಹಿಂಡಿ ಸುತ್ತೋಕೆ ಶುರು ಮಾಡಿದೆ. ಅವರೇ ಮುಂದುವರಿಸಿದ್ರು. ನಡೆಯುವಾಗ ಕೋಲು ಬೇಕು, ಇಲ್ಲ ಯಾರದ್ದಾದ್ರೂ ತೋಳು ಬೇಕು, ನೆಲದ ಯೋಚನೆ ಬಿಡೋಕಾಗಲ್ಲ. ಆ ಗೆರೆಯೊಳಗೆ ಕಾಲಿಟ್ಟರೆ ಮಾತ್ರ ನೆಲದ ಚಿಂತೆ ಗೆರೆಯದ್ದು. “ಆಗ ಮರಗಳೆಲ್ಲ ಎರಡೂ ಕಡೆಯಿಂದ ಹಿಂದೆ ಹೋಗುದು ಕಾಣ್ತದೆ. ಅದೊಂದೇ ಜಾಗ ನಾನು ಯಾರ ತೋಳೂ ಹಿಡಿಯದೆ ಓಡುದು.” ಕಣ್ಣಿನ ಡಾಕ್ಟರು ಹೇಳಿದ್ದಾರಂತೆ, ಅಂಚೂ ಮಸುಕಾಗ್ತಿದೆ, ಇನ್ನೊಂದು ಚಳಿಗಾಲ ಗ್ಯಾರಂಟಿ, ಅದರಾಚೆ ಹೇಳೋಕಾಗಲ್ಲ ಅಂತ.

ಅಧಿಕಾರಿಗಳೇ, ಆ ಒಂದು ಚಳಿಗಾಲವನ್ನೇ ನೀವು ಹದಿನೆಂಟು ತಿಂಗಳ ಪರಿಶೀಲನೆಯೊಳಗೆ ಹಾಕಿಟ್ಟಿರೋದು.

ನಿಮ್ಮ ಆದೇಶ ಬಂದ ವಾರ ಅವರ ಮನೆಗೆ ಹೋಗಿ ನಿಜ ಹೇಳಿದೆ. ದೂಮಪ್ಪ ಶೆಡ್ಡಲ್ಲಿ ಯಂತ್ರಕ್ಕೆ ಟಾರ್ಪಾಲ್ ಮುಚ್ಚುತ್ತಿದ್ರು. “ಎಷ್ಟನೇ ಸಹಿ ನಿಂದು?” “ನಾಲ್ಕನೇದು.” “ಓ, ಮೊದಲನೇ ಪುಟದಲ್ಲೇ ಉಂಟು ನಿಂದು” ಅಂದು ಟಾರ್ಪಾಲಿನ ಇನ್ನೊಂದು ತುದಿ ನನ್ನ ಕೈಗೆ ಕೊಟ್ರು. ಇಬ್ಬರೂ ಸೇರಿ ಗಂಟು ಕಟ್ಟಿದ್ವಿ. ಆಮೇಲೆ, “ನಾನು ಬೈದದ್ದು ಜಾಸ್ತಿ ಆಯ್ತು, ಅದು ಹೌದು. ಆದರೆ ಬೈದದ್ದಕ್ಕೆ ನನ್ನ ಬಾಯಿಗಲ್ವಾ ಬೀಗ ಹಾಕಬೇಕಾದ್ದು?”

ಇದಕ್ಕೆ ನಿಮ್ಮ ಬಳಿ ಉತ್ತರ ಇದೆಯಾ? ನಿಮ್ಮ ಆದೇಶ ಓದ್ತೀನಿ, ‘ಬಳಕೆದಾರರ ನಡುವಿನ ಸಂಘರ್ಷವನ್ನು ನಿವಾರಿಸಲಾಗಿದೆ’. ಹೌದು, ನಿವಾರಣೆ ಆಗಿದೆ. ಇಬ್ಬರು ಒಂದು ಕುರ್ಚಿಗೆ ಜಗಳಾಡಿದ್ರೆ ಕುರ್ಚಿ ಸುಟ್ಟರೆ ಜಗಳ ನಿಲ್ಲುತ್ತೆ. ನೀವು ತೋಪಿಗೆ ಹೋಗಿ ನೋಡಿದ್ರಾ? ಎಡಗಡೆ ಬಿಟ್ಟ ಜಾಗ ಅಳೆದ್ರಾ? ಬಿದ್ದವರು ಯಾರು ಅಂತ ಒಂದು ಸಾಲು ಕೇಳಿದ್ರಾ? ನಾವು ಮೂವತ್ತು ಜನ ಬಂದು, ತುಳಿದು, ಚಿತ್ರಾನ್ನ ತಿಂದು ಹೋದ್ವಿ, ನಮಗೆ ‘ದೂರುದಾರರು’ ಅಂತ ಗೌರವ. ನಾಲ್ಕು ವರ್ಷ ನಾಲ್ಕು ಗಂಟೆಗೆ ಎದ್ದವರಿಗೆ ‘ವಾಹನ ಚಾಲಕ’ ಅನ್ನೋ ಬಿರುದು. ತುಳಿಯೋದು ಹಕ್ಕು, ಹದ ಮಾಡೋದು ಅಪರಾಧ, ಇದು ಯಾವ ಕಾನೂನು ಪುಸ್ತಕದ ಎಷ್ಟನೇ ಪುಟ?

ನಾನೇನೂ ಸಾಚಾ ಅಲ್ಲ. ನಾಲ್ಕು ವರ್ಷದಲ್ಲಿ ಬರ್ಮಿಂಗ್‌ಹ್ಯಾಮ್, ಲೀಡ್ಸ್, ಈಗ ಇಲ್ಲಿ. ಒಂದು ಊರು ಬೇಜಾರಾದ್ರೆ ಕೆಲಸ ಬಿಟ್ಟು ಪೋಸ್ಟ್‌ಕೋಡ್ ಬದಲಾಯಿಸಿ ಹೋಗ್ತಿದ್ದೆ, ಹಿಂದೆ ಏನು ತುಳಿದೆ ಅಂತ ತಿರುಗಿ ನೋಡಿದ್ದಿಲ್ಲ. ಸ್ಟಾಕ್‌ಪೋರ್ಟಲ್ಲಿ ಕೆಲಸ ಸಿಕ್ಕಿತ್ತು. ಬೇಡ ಅಂದೆ. ಈ ಸಲ ಬಿಟ್ಟು ಹೋಗೋಕಾಗಲಿಲ್ಲ.

ಸಹಿ ಹಾಕಿದ ಉಳಿದ ಹದಿಮೂರು ಜನರ ಹತ್ರ ಹೋದೆ. ವರಲಕ್ಷ್ಮಿ ಆಂಟಿ ಕೇಳಿದ ತಕ್ಷಣ ಕೂತುಬಿಟ್ರು. “ನಾನೇ ಅಲ್ವೇನೋ ಗೆರೆಯೊಳಗೆ ಬನ್ನಿ ಅಂದಿದ್ದು” ಅಂತ ಅದನ್ನೇ ನಾಲ್ಕು ಸಲ ಹೇಳಿದ್ರು. ನನ್ನನ್ನೂ ಸೇರಿಸಿ ಹದಿಮೂರು ಸಹಿ ಹಿಂಪಡೆಯೋ ಕಾಗದ ನಿಮ್ಮ ಮೇಜಿನ ಮೇಲಿದೆ. ಬಾಕಿ ವಿನಾಯಕ. ಅವನು ಫೋನಲ್ಲಿ ಹೇಳಿದ್ದು ಹಾಗೇ ಹಾಕ್ತೀನಿ, “ಕನ್ನಡದಲ್ಲಿ ಬೈದ್ರು ಕಣೋ. ಇಂಗ್ಲಿಷಲ್ಲಿ ಬೈದಿದ್ರೆ ಸಾರಿ ಅಂತ ಹೇಳಿ ಪಕ್ಕಕ್ಕೆ ಹೋಗ್ತಿದ್ದೆ, ದಿನಾ ಅದೇ ಮಾಡ್ತೀನಲ್ಲ.” ವಿನಾಯಕ, ನೀನು ಇದನ್ನ ಓದ್ತೀಯ ಅಂತ ಗೊತ್ತು. ನಿನ್ನ ಮಾತು ನನಗೆ ಅರ್ಥ ಆಯ್ತು. ಆದರೂ ಸಹಿ ತೆಗಿ.

ಮಾರ್ಚಲ್ಲಿ ಕೊನೇ ಸಲ ಹಿಮ ಬಿತ್ತು. ಯಂತ್ರ ಟಾರ್ಪಾಲ್ ಕೆಳಗೇ ಇತ್ತು, ದೂಮಪ್ಪ ನಿಮ್ಮ ಆದೇಶ ಮುರಿಯೋ ಜಾತಿ ಅಲ್ಲ. ನಾನು, ಸಿಂಚನಾ, ದೂಮಪ್ಪ ಮೂವರೂ ಹಳೇ ಸ್ಕೀ ಕಟ್ಕೊಂಡು, ಕಾಲಲ್ಲೇ ಒತ್ತಿ ಒತ್ತಿ, ಮುಂದೆ ಹಿಂದೆ ಹೋಗಿ ಗೆರೆ ಮಾಡಿದ್ವಿ. ನನಗೆ ಸ್ಕೀ ಬರಲ್ಲ, ಎಷ್ಟು ಸಲ ಬಿದ್ದೆ ಅಂತ ಸಿಂಚನಾ ಎಣಿಸಿದ್ದಾಳೆ, ನಾನು ಹೇಳಲ್ಲ. ಒಂದು ಬೆಳಗ್ಗೆ ಪೂರ್ತಿ ದುಡಿದು ಇನ್ನೂರು ಮೀಟರ್ ಆಯ್ತು. ಯಂತ್ರಕ್ಕೆ ಅದು ಎರಡು ನಿಮಿಷದ ಕೆಲಸ. ಚಿತ್ರಾಕ್ಷಿ ಅಮ್ಮ ಒಂದೇ ಕೋಲು ಹಿಡಿದು, ಪಟ್ಟಿ ಬಿಚ್ಚಿದ ಕೈಯನ್ನ ಜಾಕೆಟ್ಟೊಳಗೆ ಇಟ್ಕೊಂಡು ಹೊರಟ್ರು. ಮೊದಲ ಇಪ್ಪತ್ತು ಹೆಜ್ಜೆ ಹೆದರಿಕೊಂಡು. ಆಮೇಲೆ ತಲೆ ಎತ್ತಿದ್ರು. ನಾನು ಪಕ್ಕದಲ್ಲಿ, ಎಡಕ್ಕೆ, ನಡೆಯೋರ ಜಾಗದಲ್ಲಿ ಓಡ್ತಿದ್ದೆ. ಗೆರೆ ಮುಗಿದ ಜಾಗದಲ್ಲಿ ಸ್ಕೀ ತಾನೇ ನಿಂತಿತು.

“ಇಷ್ಟೆಯಾ ಮಗಾ?” ಅಂದ್ರು, ನಾನಿದ್ದ ಕಡೆಗಿಂತ ಸ್ವಲ್ಪ ಪಕ್ಕಕ್ಕೆ ಮುಖ ಮಾಡಿ.

“ಇವತ್ತಿಗೆ ಇಷ್ಟೇ ಅಮ್ಮ” ಅಂದೆ.

ಆದ್ದರಿಂದ ಮಾನ್ಯರೇ, ಪರಿಶೀಲನೆ ಹದಿನೆಂಟು ತಿಂಗಳಿಗಲ್ಲ, ಅಕ್ಟೋಬರ್ ಒಳಗೆ ಆಗಬೇಕು. ಯಂತ್ರಕ್ಕೆ ಗೇಟು ತೆರೀರಿ. ಅದೇ ಗೇಟಲ್ಲಿ, ಕಾಲು ಎಲ್ಲಿ, ಸ್ಕೀ ಎಲ್ಲಿ ಅಂತ ಒಂದು ಬೋರ್ಡ್ ಹಾಕಿ. ಬೋರ್ಡ್ ತಡ ಆದ್ರೆ ತಡ ಆಗಲಿ, ಹಿಮ ಬಿದ್ದ ಪ್ರತಿ ರಜಾದಿನ ನಾನೇ ಅಲ್ಲಿ ನಿಂತು ಬಂದವರಿಗೆಲ್ಲ ಹೇಳ್ತೀನಿ, ಕನ್ನಡದವರಿಗೆ ಕನ್ನಡದಲ್ಲಿ, ಮೆತ್ತಗೆ. ಚಿತ್ರಾಕ್ಷಿ ಅಮ್ಮ ಮುಂದಿನ ಸಲ “ಇಷ್ಟೆಯಾ” ಅಂತ ಕೇಳಿದಾಗ, ಇನ್ನೂ ಇದೆ, ಹೋಗಿ, ಅಂತ ನಾನು ಹೇಳಬೇಕು. ನನ್ನ ಸಹಿಯಿಂದ ಮುಚ್ಚಿದ ಗೇಟನ್ನ ನನ್ನ ಸಹಿಯಿಂದಲೇ ತೆರೀರಿ, ಈ ಸಲ ಓದಿಯೇ ಹಾಕ್ತಿದ್ದೀನಿ.

ಇಂತಿ,
ತಮ್ಮ ಕಡತದಲ್ಲಿ ಇನ್ನೂ ದೂರುದಾರನಾಗಿಯೇ ಉಳಿದಿರುವ,
ಶಮಂತ್
ಕ್ರಮಸಂಖ್ಯೆ ನಾಲ್ಕು, ಮೊದಲನೇ ಪುಟ