ಕಂಪ್ಯೂಟರಿನೊಳಗೆ ನಮ್ಮ ಮಲ್ಲಿಗೆ

12-4-1988, ಬೆಳಿಗ್ಗೆ
ಮೊಗ್ಗು ಕೊಯ್ದಾಯಿತು. ನನ್ನ ಮಾಂಯ್ ಮತ್ತು ಹೆಂಡತಿ ವೆರೊನಿಕಾ ಜಗಲಿಯಲ್ಲಿ ಕಟ್ಟಲು ಕುಳಿತಿದ್ದಾರೆ, ಅತ್ತೆ ಸೊಸೆ ಎದುರುಬದುರು. ಈಸ್ಟರ್ ಮುಗಿದು ಮದುವೆಗಳು ಸುರುವಾಗಿವೆ. ಹೂವು ಮಾರುವ ಶಂಕರಪುರದ ಕಟ್ಟೆಯಲ್ಲಿ ಒಳ್ಳೆಯ ದರ.

ತಮ್ಮ ಓಸ್ವಾಲ್ಡ್ ಬಹರೈನ್‌ನಿಂದ ರಜೆಗೆ ಬಂದಿದ್ದಾನೆ. ಊರಿನವರೆಲ್ಲ ಟೇಪ್‌ರೆಕಾರ್ಡರ್ ತರುತ್ತಾರೆ, ಇವನು ಕಂಪ್ಯೂಟರ್ ತಂದ. ತೋಟದ ನಕ್ಷೆ, ಲೆಕ್ಕ, ಎಲ್ಲ ಇನ್ನು ಅದರಲ್ಲೇ ಅಂತೆ. ಅದಕ್ಕೊಂದು ಪ್ರೋಗ್ರಾಮ್ ಬೇಕಂತೆ. ಮಾಂಯ್ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದ್ದಾರೆ. ದೃಷ್ಟಿ ಆಗಬಾರದಲ್ಲ...

14-4
ಮಣಿಪಾಲಕ್ಕೆ ಹೋದೆವು. ಕಂಪ್ಯೂಟರ್ ಅಂಗಡಿಯ ದೇವದಾಸ ಎರಡು ಪ್ರೋಗ್ರಾಮ್ ತೋರಿಸಿದ. ಒಂದರಲ್ಲಿ ಬಣ್ಣದ ನಕ್ಷೆ. ಇನ್ನೊಂದರಲ್ಲಿ ನಕ್ಷೆ ಇಲ್ಲ, ಬರೇ ಸಾಲುಗಳು. ಆದರೆ ಒಂದೊಂದು ಗಿಡದ ಲೆಕ್ಕವನ್ನೂ ಬೇರೆ ಬೇರೆ ಇಡಬಹುದು.

"ಎರಡೂ ಒಂದರಲ್ಲೇ ಸಿಗುವುದಿಲ್ಲವಾ ಅಂತ ಮಾತ್ರ ಕೇಳಬೇಡಿ ಪೊರ್ಬುಗಳೇ" ಎಂದ, ಕ್ರಿಸ್ತಾನರನ್ನು ಗೌರವದಿಂದ ಕರೆಯುವ ಹಾಗೆ.

"ಸಿಗುವುದಿಲ್ಲವಾ?"

"ನೋಡಿ, ಕೇಳಿಯೇ ಬಿಟ್ಟಿರಿ!"

ಎರಡರ ಫ್ಲಾಪಿಯನ್ನೂ ಕೊಟ್ಟ. ಬೇಡದ್ದನ್ನು ವಾಪಸ್ ತರಬೇಕು. ನನಗೆ ನಕ್ಷೆಯ ಮೇಲೇ ಮನಸ್ಸು.

16-4, ಸಂಜೆ
ಟೇಪ್ ಹಿಡಿದು ಇಡೀ ಹಿತ್ತಲು ಅಳೆದೆವು. ಪರದೆಯ ಮೇಲೆ ಬಾವಿ ನೀಲಿ, ತೆಂಗು ಹಸಿರು, ಮಲ್ಲಿಗೆ ಬಿಳಿ. ನಮ್ಮ ಮನೆಯನ್ನು ಹದ್ದಿನ ಹಾಗೆ ಮೇಲಿನಿಂದ ನೋಡಿದೆ. ಎಂಥ ಚಂದ!

ತೋಟ ಯಾರದು ಎಂದು ಪ್ರೋಗ್ರಾಮ್ ಕೇಳಿತು. ಒಂದು ತೋಟಕ್ಕೆ ಒಂದೇ ಹೆಸರು ಹಿಡಿಯುತ್ತದೆ. ಓಸ್ವಾಲ್ಡ್ 'ಲೂಯಿಸ್' ಎಂದು ನನ್ನ ಹೆಸರು ಟೈಪ್ ಮಾಡಿದ. ನನಗೂ ಅದೇ ಸರಿ ಎನಿಸಿತು.

ವೆರೊನಿಕಾ ಕೈ ಒರೆಸಿಕೊಂಡು ಬಂದು ನೋಡಿದಳು.

"ಚಂದ ಉಂಟು. ಇದರಲ್ಲಿ ನಾನೆಲ್ಲಿ?"

ಅಡುಗೆಮನೆ ತೋರಿಸಿದೆ. ಅವಳು ನಗಲಿಲ್ಲ.

ನಮ್ಮಲ್ಲಿ ಒಂದು ಕ್ರಮ ಇದೆ. ಸೊಸೆಯಾಗಿ ಬಂದವಳು ತವರಿನಿಂದ ಮಲ್ಲಿಗೆಯ ಗೆಲ್ಲು ತಂದು ನೆಡುತ್ತಾಳೆ. ಆ ಗಿಡದ ಹೂವು ಅವಳದು. ಅದರ ದುಡ್ಡಿಗೆ ಗಂಡ ಲೆಕ್ಕ ಕೇಳುವುದಿಲ್ಲ. ಮೂಡು ಬದಿಯ ಸಾಲು ವೆರೊನಿಕಾ ಕಾಪುವಿನಿಂದ ತಂದದ್ದು. ಮಗಳು ಲೊರ್ನಾ ನಿಟ್ಟೆಯ ಕಾಲೇಜಿನಲ್ಲಿ ಓದುತ್ತಿರುವುದು ಆ ಸಾಲಿನ ದುಡ್ಡಿನಿಂದ. ನಾನು ಬೇಡ ಎಂದಿದ್ದೆ, ಅವಳು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಇದೆಲ್ಲ ಈಗ, ಬರೆಯುವಾಗ ಹೊಳೆಯಿತು. ನಾಳೆ ಭಾನುವಾರ. ಚರ್ಚಿನ ಪೂಜೆ ಮುಗಿಸಿ ಬಂದು ಅವಳ ಹತ್ತಿರ ಮಾತಾಡಬೇಕು.

18-4
ನಿನ್ನೆ ಮಾತಾಡಲಿಲ್ಲ. ಇವತ್ತು ಅನುಭವಿಸಿದೆ.

ಬೆಳಿಗ್ಗೆ ಎಲ್ಲ ಗಿಡಗಳ ಮೊಗ್ಗೂ ಒಂದೇ ರಾಶಿಯಾಗಿ ನನ್ನ ಚಾಪೆಯ ಮೇಲೆ. ಪಕ್ಕದಲ್ಲಿ ಬಾಳೆನಾರು.

"ನಿನ್ನ ಹೆಸರಿನ ಹೂವು ಪುತಾ, ನೀನೇ ಕಟ್ಟು" ಎಂದರು ಮಾಂಯ್. ಅತ್ತೆ ಸೊಸೆ ಇಬ್ಬರೂ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕುಳಿತರು, ನಾಟಕಕ್ಕೆ ಬಂದವರ ಹಾಗೆ.

ನಾನೂ ಓಸ್ವಾಲ್ಡನೂ ಕಟ್ಟಿದೆವು. ನಾರು ಹರಿಯಿತು. ಮೊಗ್ಗು ಜಾರಿತು.

"ವೊನಿ, ಸ್ವಲ್ಪ ಬನ್ನಿ..." ಎಂದು ಅವನು ಅತ್ತಿಗೆಗೆ ಅಂಗಲಾಚಿದ.

"ಕಟ್ಟುವುದಕ್ಕೆ ಪ್ರೋಗ್ರಾಮ್ ಇಲ್ಲವಾ ಓಸ್ವಾಲ್ಡ್?"

ಕಟ್ಟೆಗೆ ಹೂವು ಒಯ್ಯುವ ಭೋಜ ಸ್ಕೂಟರ್ ನಿಲ್ಲಿಸಿ ನಮ್ಮ ಮಾಲೆ ಎತ್ತಿ ನೋಡಿದ.

"ಇದೆಂತ ಪೊರ್ಬುಗಳೇ? ಕರು ಕಟ್ಟುವುದಕ್ಕಾ? ಇದನ್ನು ಮುಡಿಸಿದರೆ ಮದುಮಗಳು ಓಡಿ ಹೋದಾಳು ಮಾರಾಯ್ರೆ!"

ಬರಿಗೈಯಲ್ಲಿ ಹೋದ. ಸಂಜೆಗೆ ಮೊಗ್ಗೆಲ್ಲ ಅರಳಿ ಮನೆಯಿಡೀ ಘಮಘಮ. ನಾಲ್ವರೂ ನಕ್ಕೆವು. ನಕ್ಕು ಮುಗಿದ ಮೇಲೆ ವೆರೊನಿಕಾ ಮೆಲ್ಲಗೆ ಹೇಳಿದಳು —

"ನಕ್ಷೆ ಬೇಡ ಅಂತ ಹೇಳುವುದಿಲ್ಲ. ಆದರೆ ಲೊರ್ನಾಳ ಫೀಸಿಗೆ ಇನ್ನು ನಾನು ನಿಮ್ಮ ಹತ್ತಿರ ಕೇಳಬೇಕಾ?"



20-4
ಮಣಿಪಾಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಓಸ್ವಾಲ್ಡ್ ನಕ್ಷೆಯ ಪರ ವಾದ ಮಾಡಿದ. ಕೊನೆಗೆ ಅವನೇ ಆ ಫ್ಲಾಪಿ ನನ್ನ ಕೈಗಿಟ್ಟ. ವಾಪಸ್ ಕೊಡುವಾಗ ಸ್ವಲ್ಪ ಬೇಸರವೇ ಆಯಿತು, ಸುಳ್ಳು ಯಾಕೆ.

"ಬಣ್ಣ ಬೇಡವಾ?" ದೇವದಾಸನಿಗೆ ಆಶ್ಚರ್ಯ.

"ಬೇಡ ಮಾರಾಯ. ನನಗೆ ಮಾಲೆ ಕಟ್ಟಲಿಕ್ಕೆ ಬರುವುದಿಲ್ಲ."

ಅವನಿಗೆ ಅರ್ಥ ಆಗಲಿಲ್ಲ. ಸಾಲಿನ ಪ್ರೋಗ್ರಾಮನ್ನೇ ಇಟ್ಟುಕೊಂಡೆವು.

22-4, ಸಂಜೆ
ಓಸ್ವಾಲ್ಡ್ ಟೈಪ್ ಮಾಡಿದ, ಹೆಂಗಸರು ಹಿಂದೆ ನಿಂತು ಹೇಳಿದರು. ಬಾವಿ ಬದಿಯದ್ದೆಲ್ಲ ಮಾಂಯ್‌ದು. ಮೂಡು ಸಾಲು ವೆರೊನಿಕಾಳದು. ಲೊರ್ನಾ ಹುಟ್ಟಿದಾಗ ನೆಟ್ಟದ್ದು ಲೊರ್ನಾಳದು. ಬೇಲಿಯ ಹತ್ತಿರದ್ದು ನೆರೆಮನೆಯ ಸುಗಂಧಿಗೆ ಕೊಟ್ಟದ್ದಂತೆ. ನನಗೆ ಗೊತ್ತೇ ಇರಲಿಲ್ಲ!

ಸಾಲುಗಳು ತುಂಬುತ್ತಾ ಬಂದವು.

"ನನ್ನದು ಯಾವುದು?" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ದನದ ಹಟ್ಟಿಯ ಹಿಂದೆ ಒಂದು ಉಂಟಲ್ಲ" ಎಂದರು ಮಾಂಯ್.

"ಅದು ಹೂ ಬಿಡುವುದಿಲ್ಲ."

"ನೋಡಿಕೊಂಡರೆ ಬಿಡುತ್ತದೆ."

ಓಸ್ವಾಲ್ಡ್ ನಗು ತಡೆಯುತ್ತಾ ಟೈಪ್ ಮಾಡಿದ: ಲೂಯಿಸ್ — ಒಂದು ಗಿಡ.

23-4, ಬೆಳಿಗ್ಗೆ
ಎದ್ದವನೇ ಹಟ್ಟಿಯ ಹಿಂದೆ ಹೋದೆ. ಎಲೆ ಸರಿಸಿ ನೋಡಿದೆ. ಮೊಗ್ಗು! ಒಂದು ಹಿಡಿಯೂ ಇಲ್ಲ, ಆದರೂ ಮೊಗ್ಗೇ. ಅಂಗೈಯಲ್ಲಿ ಹಿಡಿದು ತಂದೆ. ಬೇರೆಯವರದ್ದರ ಜೊತೆ ಸೇರಿಸಬಾರದು ಎಂದು ವೆರೊನಿಕಾಳಿಗೆ ತಾಕೀತು ಮಾಡಿದೆ. ನಾರು ತೆಗೆದುಕೊಂಡಳು. ಈಗ ಎದುರಿಗೆ ಕೂತು ಕಟ್ಟುತ್ತಿದ್ದಾಳೆ — ಬೆರಳು ಕಾಣುವುದೇ ಇಲ್ಲ, ಅಷ್ಟು ಬೇಗ. "ಇಷ್ಟನ್ನು ಭೋಜ ಮುಟ್ಟುತ್ತಾನಾ?" ಎಂದು ಕೇಳುತ್ತಾಳೆ. ಭೋಜನಿಗೆ ಯಾರು ಕೊಡುತ್ತಾರೆ? ಇದು ನನ್ನ ಹೂವು. ಇದರ ಲೆಕ್ಕ ಯಾರೂ ಕೇಳುವ ಹಾಗಿಲ್ಲ. ಮುಗಿಯಲಿ, ಆಮೇಲೆ ಅವಳ ಜಡೆಗೆ ನಾನೇ...