ಒಂದು ಮಗುವಿಗಾಗಿ ತೆರೆಯದ ಸೀಸೆ

ಮಾರ್ಚ್ ೬, ಗುರುವಾರ

ಐಸ್‌ಪ್ಯಾಕ್ ಇನ್ನೂ ಕಲ್ಲು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಎನ್ನಬೇಕು. ಅಲ್ಲಿಯವರೆಗೆ ಬಾಕ್ಸಿನಲ್ಲಿ ಇಡುವಂತಿಲ್ಲ, ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಅಲ್ಲಾಡಿಸುತ್ತ ನಿಂತಿದ್ದೆ. ಹೆಲ್ತ್ ಸೆಂಟರಿನ ಸ್ಟೋರಿನವನು, "ಏನಕ್ಕಾ, ಯಾರ ಫೋನು?" ಎಂದ. ನಿನಗಿಂತ ಬೇಗ ಉತ್ತರ ಕೊಡುತ್ತೆ ಬಿಡು, ಎಂದೆ.

ಇವತ್ತು ಕಟ್ಟಡದ ಸೈಟು. ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದೆ. ಕಟ್ಟುವವರು ಅದರ ಬುಡದಲ್ಲಿ, ತಗಡಿನ ಶೆಡ್ಡುಗಳಲ್ಲಿ. ಕೆಲಸ ಮುಗಿದ ದಿನ ಗಂಟುಮೂಟೆ ಕಟ್ಟುವ ಜನ. ಕೂಸುಗಳಿಗೆಲ್ಲ ಹಾಕಿದ್ದಾಯಿತು. ದಡಾರದ ಸೂಜಿಗೆ ಮಾತ್ರ ಒಬ್ಬಳೇ — ಕಂಬಿ ಕಟ್ಟುವವನ ಮಗಳು. ಒಂಬತ್ತು ತಿಂಗಳು ತುಂಬಿದೆ. ಎರಡೇ ಹಲ್ಲು, ಅದರಲ್ಲೇ ನನ್ನ ಬೆರಳು ಕಚ್ಚಿದಳು. "ಇಲಿಮರಿ ಅಕ್ಕ ಇದು, ಏನು ಸಿಕ್ಕಿದ್ರೂ ಕಡಿಯತ್ತೆ" ಎಂದು ಅವಳಮ್ಮ ನಕ್ಕಳು.

ಒಂದು ಸೀಸೆಯಲ್ಲಿ ಐದು ಮಕ್ಕಳಿಗಾಗುವಷ್ಟು ಮದ್ದು. ತೆರೆದು ಕಲಸಿದರೆ ನಾಲ್ಕು ಗಂಟೆ, ಆಮೇಲೆ ಚೆಲ್ಲಬೇಕು. ಒಂದು ಮಗುವಿದ್ದರೂ ತೆರೆಯಿರಿ ಎಂದೇ ಬರಹದ ಆದೇಶ. ಬಾಯಿಮಾತಿನ ಆದೇಶ ಬೇರೆ. ನಮ್ಮ ಸೂಪರ್‌ವೈಸರ್ — ಶೇಕಡಾ ಸಾಹೇಬರು ಎನ್ನುತ್ತೇವೆ, ಉಸಿರಾಡುವುದೂ ಪರ್ಸೆಂಟಿನಲ್ಲೇ — ಹೋದ ಮೀಟಿಂಗಿನಲ್ಲಿ ಎಲ್ಲರೆದುರು ನನ್ನನ್ನು ನಿಲ್ಲಿಸಿ, "ಒಂದೊಂದು ಮಗುಗೆ ಒಂದೊಂದು ವಯಲ್ ಓಪನ್ ಮಾಡ್ತೀರಲ್ಲ, ವೇಸ್ಟೇಜ್‌ಗೆ ಉತ್ತರ ಯಾರು ಕೊಡ್ತಾರೆ, ನಿಮ್ಮ ತಾತನಾ?" ಎಂದಿದ್ದರು. ಮಗುವೂ ತಪ್ಪಬಾರದು, ಮದ್ದೂ ಚೆಲ್ಲಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಇನ್ನೂ ನಾಲ್ಕು ಮಕ್ಕಳಾದ್ರೂ ಬೇಕಮ್ಮ" ಎಂದೆ. ಪಾಪ, ಇಲಿಮರಿಯನ್ನು ಸೊಂಟಕ್ಕೇರಿಸಿಕೊಂಡು ಶೆಡ್ಡು ಶೆಡ್ಡು ಓಡಿದಳು. ಆಗಲೇ ಸ್ಕೂಲಿಗೆ ಹೋಗುವವನೊಬ್ಬನನ್ನು ಎಳೆದು ತಂದಳು. ಇನ್ನೊಂದು ಹಸಿ ಬಾಣಂತಿಯ ಕೂಸು. "ಇವ್ರು ಆಗಲ್ವಾ?" ಆಗಲ್ಲ. ಮುಂದಿನ ಗುರುವಾರ ಹಾಕ್ತೀನಿ ಎಂದೆ. "ಅಷ್ಟರಲ್ಲಿ ಇಲ್ಲೇ ಇರ್ತೀವೋ ಇಲ್ವೋ ಅಕ್ಕ..." ಇರ್ತೀರಿ ಎಂದೆ. ನಾನೇನು ಮೇಸ್ತ್ರಿಯೇ?

ಮಾರ್ಚ್ ೧೩, ಗುರುವಾರ

ಲಸಿಕೆ ಸೆಷನ್ ಕ್ಯಾನ್ಸಲ್. ಮೀಟಿಂಗ್. ವಿಷಯ — ಲಸಿಕೆ ತಪ್ಪಿದ ಮಕ್ಕಳನ್ನು ತಲುಪುವುದು ಹೇಗೆ. ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು. ಎದ್ದು ನಿಂತು, "ಸರ್, ಇವತ್ತು ನಮ್ಮನ್ನ ಬಿಟ್ರೆ ಸಾಕು, ತಲುಪ್ತೀವಿ" ಎಂದೆ. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಆಮೇಲೆ ಬಿಸ್ಕತ್ತು ಬಂತು.

ಮನೆಯಲ್ಲಿ ಅತ್ತೆ ಹರಿದ ದಿಂಬು ಹಿಡಿದು ಕೂತಿದ್ದರು. "ಊರ ಮಕ್ಕಳಿಗೆಲ್ಲ ಸೂಜಿ ಹಾಕ್ತೀಯ, ಈ ದಿಂಬಿಗೊಂದು ಹಾಕೋಕಾಗಲ್ವೇನೇ?" ಊರ ಮಕ್ಕಳಿಗೂ ಹಾಕಿಲ್ಲ ಅತ್ತೆ, ಎಂದೆ. ನನ್ನ ಮುಖ ನೋಡಿದರು. ಅವರೇ ದಾರ ಪೋಣಿಸಿ ಹೊಲಿದರು.

ಮಾರ್ಚ್ ೧೪

ಬಾಕ್ಸ್ ಕೇಳಿದೆ. ಸೆಷನ್ ಇದ್ದ ದಿನ ಮಾತ್ರ ಎಂದ ಸ್ಟೋರಿನವನು. "ನನ್ನ ಕೆಲಸ ಕಳೀತೀರಾ ಅಕ್ಕ?" ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಬರಿಗೈಲಿ ಹೋಗಿ ಏನು ಮಾಡಲಿ... ಹೋಗಲಿಲ್ಲ.

ಮಾರ್ಚ್ ೨೦, ಗುರುವಾರ

ಶೆಡ್ಡುಗಳಿಲ್ಲ. ತಗಡು ನಿಂತಿದ್ದ ಕಡೆ ಚೌಕ ಚೌಕ ಗುರುತು, ಒಲೆಯ ಮಸಿ. ವಾಚ್‌ಮನ್ ಬೀಡಿ ಆರಿಸಿ ಹೇಳಿದ: "ಕಂಬಿ, ಗಾರೆ ಕೆಲಸ ಮುಗೀತಲ್ಲಮ್ಮ. ಶನಿವಾರನೇ ಲಾರಿ ಹತ್ತಿದ್ರು. ಕಾಲುವೆ ಆಚೆ ಹೊಸ ಸೈಟು."

ಕಾಲುವೆಯ ಆಚೆ ಬೇರೆ ಸೆಂಟರು. ಅಲ್ಲಿನ ಸಿಸ್ಟರ್‌ಗೆ ಫೋನ್ ಮಾಡಿದೆ. "ಆ ಸೈಟು ನಮ್ಮ ಮ್ಯಾಪಲ್ಲೇ ಇಲ್ಲ ಕಣೇ. ಹೊಸದೆಲ್ಲ ಮುಂದಿನ ತಿಂಗಳು ಸೇರಿಸ್ತಾರೆ." ಬಾಕ್ಸ್ ತಗೊಂಡು ನಾನೇ ಬರಲಾ ಎಂದರೆ, "ನಿನಗ್ಯಾಕೆ ಇಲ್ಲದ ಉಸಾಬರಿ" ಎಂದಳು.

ಒಂದೇ ಒಂದು ಸೀಸೆ ತೆರೆದಿದ್ದರೆ ಆಗಿತ್ತು. ಬೈಸಿಕೊಳ್ಳುವುದು ನನಗೆ ಹೊಸತೇ? ಹೆದರಿದೆ, ಅಷ್ಟೇ.

ಮಾರ್ಚ್ ೨೭, ಗುರುವಾರ

ಸೆಷನ್ ಬೇಗ ಮುಗಿಸಿ ಬಾಕ್ಸ್ ಸಮೇತ ಕಾಲುವೆ ದಾಟಿದೆ. ಯಾರನ್ನೂ ಕೇಳಲಿಲ್ಲ. ಹೊಸ ಸೀಸೆ ಒಂದು ಉಳಿಸಿಕೊಂಡಿದ್ದೆ. ಒಂದೇ ಮಗುವಿಗೆ ತೆರೆಯುತ್ತೇನೆ, ಏನು ಮಾಡುತ್ತಾರೋ ಮಾಡಲಿ — ಬಸ್ಸಿನಲ್ಲಿ ಪೂರ್ತಿ ಇದೇ ಯೋಚನೆ.

ಅವಳೇ ನನ್ನನ್ನು ಮೊದಲು ನೋಡಿದ್ದು. ಮಗಳನ್ನೆತ್ತಿಕೊಂಡು ಓಡಿ ಬಂದಳು. "ಬಂದ್ರಾ ಅಕ್ಕ! ಬರ್ತಾರೆ, ಬರ್ತಾರೆ ಅಂತ ಹೇಳ್ತಾನೇ ಇದ್ದೆ ಇವ್ರಿಗೆ." ಅಂಗಿ ಸರಿಸಿ ತೋಳು ಹಿಡಿದಳು. "ಜ್ವರ ಇದೆ, ಅದಕ್ಕೇ ಆಗಲ್ಲ ಅನ್ಬೇಡಿ. ಗಟ್ಟಿ ಹಿಡ್ಕೋತೀನಿ. ಹಾಕ್ಬಿಡಿ."

ತೋಳು ಕೆಂಡ. ಕಣ್ಣು ಕೆಂಪಗೆ, ಮೂಗು ಸುರಿಯುತ್ತಿದೆ. ಕಿವಿಯ ಹಿಂದಿನಿಂದ ಕುತ್ತಿಗೆ, ಎದೆ, ಎಲ್ಲ ಕಡೆ ದಡಾರದ ದದ್ದು. ಉಸಿರಿಗೊಮ್ಮೆ ಪಕ್ಕೆ ಒಳಗೆ ಹೋಗುತ್ತಿತ್ತು. ಈಗ ಹಾಕಿದರೆ ಪ್ರಯೋಜನ ಇಲ್ಲಮ್ಮ ಎಂದೆ.

"ಯಾಕೆ, ಮಕ್ಕಳು ಸಾಲ್ದಾ? ಇಲ್ಲಿ ಬೇಕಾದಷ್ಟು ಇದಾರೆ ಅಕ್ಕ. ಇರಿ, ಕರೀತೀನಿ!"

ರಟ್ಟೆ ಹಿಡಿದು ನಿಲ್ಲಿಸಿದೆ. ಆಟೋ. ಆಸ್ಪತ್ರೆ.

ಮಾರ್ಚ್ ೨೯

ಆಕ್ಸಿಜನ್ ಇಟ್ಟಿದ್ದಾರೆ. ನ್ಯುಮೋನಿಯಾ. ಡಾಕ್ಟರು ನನ್ನ ಯೂನಿಫಾರ್ಮ್ ನೋಡಿ, "ಲಸಿಕೆ ಹಾಕಿಸಿರಲಿಲ್ವಾ ಇವರು?" ಎಂದು ಕೇಳಿದರು. ಇವರು!

ಮಾರ್ಚ್ ೩೧

ಹೋಯಿತು. ಬೆಳಿಗ್ಗೆ. ನಾನು ಡ್ಯೂಟಿಯಲ್ಲಿದ್ದೆ.

ಏಪ್ರಿಲ್ ೩, ಗುರುವಾರ

ಆ ಸೈಟಿನಲ್ಲಿ ಇನ್ನೂ ಮೂರು ಮಕ್ಕಳಿಗೆ ದದ್ದು. ಈಗ ಸೈಟು ಮ್ಯಾಪಿಗೆ ಬಂತು, ಎರಡೂ ಸೆಂಟರಿನವರನ್ನು ಕಳಿಸುತ್ತಿದ್ದಾರೆ. ಶೇಕಡಾ ಸಾಹೇಬರೇ ಫೋನ್ ಮಾಡಿದರು. "ಎಷ್ಟು ವಯಲ್ ಬೇಕೋ ಅಷ್ಟು ತಗೊಂಡ್ಹೋಗಿ ಸಿಸ್ಟರ್. ವೇಸ್ಟೇಜ್ ತಲೆಬಿಸಿ ಬೇಡ." ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಫೋನಿಗೆ ಉಗಿಯಬೇಕೆನ್ನಿಸಿತು. "ಆಯ್ತು ಸರ್" ಎಂದೆ.

ಸಾಲು ಉದ್ದವಿತ್ತು. ಆದರೂ ಕೆಲವು ತಾಯಂದಿರು ಹಿಂದೆಮುಂದೆ ನೋಡುತ್ತಿದ್ದರು. ಸೂಜಿಯಿಂದಲೇ ಆ ಮಗು ಹೋಯಿತು ಎಂದು ಯಾರೋ ಹಬ್ಬಿಸಿದ್ದರು. ಆಗ ಇಲಿಮರಿಯ ಅಮ್ಮ ಶೆಡ್ಡಿನಿಂದ ಹೊರಗೆ ಬಂದಳು. ತಲೆ ಬಾಚಿರಲಿಲ್ಲ. ಸೊಂಟ ಖಾಲಿ. ಅವರ ಮುಂದೆ ನಿಂತು ಹೇಳಿದಳು:

"ಹಾಕಿಸ್ಕೊಳ್ರೇ. ಈ ಅಕ್ಕ ಒಳ್ಳೆಯವರು, ಅವ್ರು ಅವತ್ತೇ ಹಾಕೋಕೆ ಬಂದಿದ್ರು. ತಪ್ಪು ನಂದು. ನಾಲ್ಕು ಮಕ್ಕಳನ್ನ ಕರ್ಕೊಂಡ್ ಬಾ ಅಂದ್ರು. ನನ್ನ ಕೈಲಿ ಆಗ್ಲಿಲ್ಲ."

ಅಲ್ಲ, ನಿನ್ನ ತಪ್ಪಲ್ಲ, ಎನ್ನಬೇಕಿತ್ತು. ಸೀಸೆ ನನ್ನ ಕೈಯಲ್ಲೇ ಇತ್ತು ಕಣಮ್ಮ ಎನ್ನಬೇಕಿತ್ತು. ಬಾಯಿ ತೆರೆದೆ. ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಮಕ್ಕಳ ತೋಳು ಮುಂದೆ ಚಾಚತೊಡಗಿದರು, ಅವಳ ಮಾತು ಕೇಳಿ. ಹೇಳಿದರೆ ಸಾಲು ಬಿಟ್ಟು ಹೋಗುತ್ತಾರೆ. ಹೇಳದಿದ್ದರೆ ಅವಳು ಬದುಕಿರುವಷ್ಟು ದಿನವೂ ತಪ್ಪು ತನ್ನದೇ ಎಂದುಕೊಂಡಿರುತ್ತಾಳೆ.

ನಾನು ಬಾಯಿ ಮುಚ್ಚಿ ಸೀಸೆ ತೆರೆದೆ.