ಅಪ್ಪ ಎಣಿಸಿದ ರಾಶಿ

ತಾಂಬಾ
೧೪-೩-೧೯೭೮

ಪ್ರೀತಿಯ ಅಕ್ಕ ಗುರವ್ವಳಿಗೆ,

ನಿನ್ನ ತಮ್ಮ ಮಡಿವಾಳ ಕಾಲು ಮುಟ್ಟಿ ಮಾಡುವ ನಮಸ್ಕಾರ. ಮುದ್ದೇಬಿಹಾಳದಲ್ಲಿ ನೀನು, ಮಾಮಾ, ಮಕ್ಕಳು ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾರ್ಡು ಬಂದು ತಿಂಗಳಾದರೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. "ಅಪ್ಪನ ಅಳತಿ ಏನಾತು?" ಎಂದು ಕೇಳಿದ್ದೆಯಲ್ಲ, ಒಳ್ಳೆಯ ಸುದ್ದಿ ಸಿಕ್ಕ ಮೇಲೆಯೇ ಬರೆಯಬೇಕೆಂದು ಹಟ ಹಿಡಿದು ಕುಳಿತಿದ್ದೆ. ಈಗ ಬರೆಯುತ್ತೇನೆ. ಅಪ್ಪ ಗೆದ್ದ, ಅಕ್ಕಾ!

ಹೋದ ಸುಗ್ಗಿಯ ಕಥೆಯನ್ನು ನೀನು ಮಂದಿಯ ಬಾಯಿಂದ ಅರ್ಧ ಕೇಳಿದ್ದೀ. ನಾನು ಅಲ್ಲೇ ಇದ್ದೆ. ಶ್ರೀಶೈಲಪ್ಪ ಗೌಡರ ಕಣದಲ್ಲಿ ಜೋಳದ ರಾಶಿ. ಅಪ್ಪ ಬಣವೆಯ ಹಿಂದೆ ಹೋಗಿ ಗಾಂಜಾದ ಚಿಲುಮೆ ಸೇದಿ ಬಂದು ಕೊಳಗ ಹಿಡಿದ. ಒಂದು ಎನ್ನದೆ 'ಲಾಭ' ಎಂದು ಶುರು ಮಾಡಿ, ಎರಡು, ಮೂರು ಎಂದು ರಾಗ ಎಳೆಯುತ್ತ ನಲವತ್ತರವರೆಗೆ ಹೋದ. ಅಲ್ಲಿ ಕೈ ನಿಂತಿತು. ಆಕಾಶ ನೋಡಿದ. ನಕ್ಕ. ಮತ್ತೆ ಕೊಳಗ ತುಂಬಿ "ಲಾಭಾ..." ಎಂದ!

ರಾಶಿ ಅಳೆಯುವಾಗ ಅಳೆಯುವವನನ್ನು ಬಿಟ್ಟು ಬೇರೆ ಯಾರೂ ಬಾಯಿ ತೆರೆಯಬಾರದೆಂಬುದು ನಿನಗೆ ಗೊತ್ತಿದೆ. ಇಪ್ಪತ್ತು ಮಂದಿ ಮುಖ ಮುಖ ನೋಡಿಕೊಂಡು ಸುಮ್ಮನೆ ನಿಂತೆವು. ಆ ರಾಶಿ ಮೂರು ಸಲ 'ಲಾಭ'ದಿಂದ ಶುರುವಾಯಿತು. ಕೊನೆಗೆ ಗೌಡರು ತಲೆಯ ಪಟಗ ಬಿಚ್ಚಿ ನೆಲಕ್ಕೆ ಒಗೆದರು. "ರಾಚಪ್ಪಾ, ನಿಮ್ಮಪ್ಪನ ಮಾರಿ ನೋಡಿ ಇನ್ನೊಂದು ಸುಗ್ಗಿ ಬಿಡ್ತೇನಿ. ಮುಂದಿನ ವರ್ಷ ತಪ್ಪಿದ್ರ ಕೊಳಗ ಹಣಮಂತ್ರಾಯನ ಕೈಯಾಗ," ಎಂದರು. ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿದ್ದ ಕೊಳಗ, ಅದರ ಮೇಲೆ ಕಣ್ಣಿಟ್ಟು ಕುಳಿತ ಹಣಮಂತ್ರಾಯನಿಗೆ!

ಅಪ್ಪ ಮಾತ್ರ ಒಪ್ಪಲೊಲ್ಲ. "ಚಿಲಿಮಿ ಎಳದ್ರನ ನನಗ ಎಣಿಕಿ ಖುಲ್ಲಾ ಆಗೂದು. ನಿಮಗ ಕಿವಿ ಇಲ್ಲ," ಎಂದ. ಎದುರು ಮಾತಾಡುವ ಧೈರ್ಯ ನನಗೆಲ್ಲಿದೆ? ನೆರೆಮನೆಯ ಧರೆಪ್ಪ ಕಾಕಾ ಚಾವಡಿಯಲ್ಲಿ ಎಲ್ಲರೆದುರು, "ಇಂವಾ ಬಿ.ಎ. ಕಲ್ತಾನ, ಮಾತ ಒಂದು ಕಲೀಲಿಲ್ಲ ನೋಡ್ರಿ," ಎಂದು ನಗಾಡಿದ.

ಕೊನೆಗೆ ಇಂಡಿ ಪಟ್ಟಣದ ಒಬ್ಬ ಡಾಕ್ಟರರ ಹತ್ತಿರ ಹೋಗಿ ತೊದಲುತ್ತಲೇ ಎಲ್ಲ ಹೇಳಿದೆ. ಅವರು ನಗಲಿಲ್ಲ. "ಅಮಲಿನಾಗ ಮಿದುಳು ಹಳೇದನ್ನ ಮರಿಯೂದಿಲ್ಲಪಾ. ಆವಾಗ ಕೇಳಿದ್ದು, ಆವಾಗ ಮಾಡಿದ್ದು ಹಿಡದ ಇಟಗೊಳ್ಳೂದಿಲ್ಲ. ಮ್ಯಾಲ ಹೊತ್ತಿನ ಅಂದಾಜೂ ಹಿಗ್ಗತೈತಿ. ಎರಡು ನಿಮಿಷ ಅರ್ಧ ತಾಸು ಅನಸ್ತೈತಿ. ಒಂದು ರಾಶಿ ಮುಗಸೇನಿ ಅಂತ ನಿಮ್ಮಪ್ಪಗ ಖರೇನ ಅನಿಸಿರಬೇಕು. ಜಗಳಾಡಬ್ಯಾಡ, ತೋರಸು," ಎಂದರು.

ತೋರಿಸಿದೆ. ಚಿಲುಮೆಗೆ ಮೊದಲು ಅಪ್ಪನಿಗೆ ಐದು ಹೆಸರು ಹೇಳಿದೆ: ಬೆಲ್ಲ, ಸೂಜಿ, ಹಗ್ಗ, ಕುಡಗೋಲು, ಉಪ್ಪು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಐದನ್ನೂ ಒದರಿದ. "ಇಷ್ಟ ಏನು?" ಎಂದು ಮೀಸೆ ತಿರುವಿದ. ಚಿಲುಮೆ ಸೇದಿದ ಮೇಲೆ ಬೇರೆ ಐದು ಹೇಳಿದೆ. ಕೇಳಿದಾಗ ಎರಡು ಬಂದವು, ಆಮೇಲೆ ಮೊದಲಿನ ಹೆಸರೇ ತಿರುಗಿ ಬಂತು. "ನೀ ಸಣ್ಣ ದನಿಲೇ ಹೇಳೀದಿ" ಎಂದು ನನ್ನನ್ನೇ ಬೈದ. ಮರುದಿನ ಕೂಗಿ ಹೇಳಿದೆ, ಎರಡೇ. ಮೂರನೆಯ ದಿನ ತಾನೇ ಬಂದು, "ಹೇಳೋ ಐದು," ಎಂದು ಕುಳಿತ. ಒಂದು ಬಂತು. ಅಪ್ಪ ಮಡಚಿದ ಒಂದೇ ಬೆರಳನ್ನು ನೋಡಿಕೊಂಡ. ಎದ್ದು ಹೋಗಿ ಚಿಲುಮೆಯನ್ನು ಒರಳಿನಲ್ಲಿ ಹಾಕಿ ಕುಟ್ಟಿದ.

ಆಮೇಲಿನ ಎರಡು ವಾರ ಮನೆಯಲ್ಲಿ ಬದುಕುವುದೇ ಕಷ್ಟವಾಯಿತು. ಊಟ ಸೇರದು, ನಿದ್ದೆ ಹತ್ತದು, ಮಾತೆತ್ತಿದರೆ ಸಿಟ್ಟು. ನಾನು ಬಡಿದ ರೊಟ್ಟಿಯನ್ನು ಅಂಗಳಕ್ಕೆ ಒಗೆದು "ಇದು ರೊಟ್ಟಿಯೋ ಕೆರವೋ?" ಎಂದ. (ರೊಟ್ಟಿ ಹಾಗೇ ಇತ್ತು, ಸುಳ್ಳು ಹೇಳುವುದಿಲ್ಲ.) ಇಂಥದ್ದೆಲ್ಲ ಬರುತ್ತದೆ, ಹೋಗುತ್ತದೆ ಎಂದು ಡಾಕ್ಟರರು ಮೊದಲೇ ಹೇಳಿದ್ದರಿಂದ ತಾಳಿಕೊಂಡೆ. ಮೂರನೆಯ ವಾರ ಅಪ್ಪ ಎರಡನೆಯ ಸಲ ಪಲ್ಯ ಹಾಕಿಸಿಕೊಂಡ.

ಹೋದ ವಾರ ಸೋಮವಾರ ಅದೇ ಗೌಡರ ರಾಶಿ. ಹಣಮಂತ್ರಾಯ ಹೊಸ ಪಟಗ ಸುತ್ತಿಕೊಂಡು ಬಂದು ಮುಂದೆಯೇ ನಿಂತಿದ್ದ. ಅಪ್ಪ ಚಪ್ಪಲಿ ಬಿಟ್ಟು, ರಾಶಿಗೆ ಕೈ ಮುಗಿದು "ಲಾಭಾ" ಎಂದ. ನೂರು ದಾಟಿತು. ನೂರಾ ಹದಿನಾಲ್ಕಕ್ಕೆ ಕೈ ನಿಂತಿತು. ಹಣಮಂತ್ರಾಯ ಒಂದು ಹೆಜ್ಜೆ ಮುಂದಿಟ್ಟ. ಅಪ್ಪ ನಿಧಾನವಾಗಿ ಹಣೆಯ ಬೆವರು ಒರೆಸಿಕೊಂಡು, ಅವನ ಮುಖವನ್ನೇ ನೋಡುತ್ತ, "ನೂರಾ ಹದಿನೈದೂ..." ಎಂದು ಹಾಡಿದ!

ಇನ್ನೂರಾ ತೊಂಬತ್ತೊಂದಕ್ಕೆ ರಾಶಿ ಮುಗಿಯಿತು. ಚೀಲಕ್ಕೆ ಎಂಟು ಕೊಳಗದಂತೆ ಮೂವತ್ತಾರು ಚೀಲ ತುಂಬಿ, ಮೇಲೆ ಮೂರು ಕೊಳಗ. ಒಂದು ಕಾಳೂ ಹೆಚ್ಚುಕಡಿಮೆ ಇಲ್ಲ. ಗೌಡರು ಅಪ್ಪನ ಬೆನ್ನಿಗೆ ಹೊಡೆದು, "ನಮ್ಮ ರಾಚಪ್ಪ ತಿರಗಿ ಬಂದಾನ್ರೋ!" ಎಂದು ಕೂಗಿದರು. ಧರೆಪ್ಪ ಕಾಕಾ ನನ್ನ ಕಡೆ ತಿರುಗಿ, "ಬಿ.ಎ. ಸಾಹೇಬ್ರ, ನಮಗೂ ಐದು ಹೆಸರು ಹೇಳ್ರೆಲಾ," ಎಂದ. ಇಡೀ ಕಣವೇ ನಕ್ಕಿತು. ನಾನೂ ಎಲ್ಲರಿಗಿಂತ ಜೋರಾಗಿ ನಕ್ಕೆ, ಅಕ್ಕಾ.

ಯುಗಾದಿ ಮುಗಿಸಿಕೊಂಡು ಅಪ್ಪ ನಿನ್ನ ಮನೆಗೆ ಬರುತ್ತಾನಂತೆ. ನಿನಗೂ ಮಕ್ಕಳಿಗೂ ಆಶೀರ್ವಾದ ಹೇಳಿದ್ದಾನೆ. ಮಾಮಾನಿಗೆ ನನ್ನ ನಮಸ್ಕಾರ. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ನಿನ್ನ ತಮ್ಮ,
ಮಡಿವಾಳ

ತಾ.ಕ.: ಇದನ್ನು ಬರೆಯದೆ ಕಾಗದ ಅಂಟಿಸಲಾಗಲಿಲ್ಲ. ರಾಶಿಯ ಮರುದಿನ ಅಪ್ಪ ನನ್ನನ್ನು ಕರೆದು ಕೇಳಿದ: "ನಿಮ್ಮವ್ವಗ ಬ್ಯಾನಿ ಎದ್ದಾಗ ನಾ ಸೂಲಗಿತ್ತಿ ಸಿದ್ದವ್ವನ್ನ ಕರ್ಯಾಕ ಹ್ವಾದ್ನೆಲ್ಲ, ತಡಾ ಮಾಡಿದ್ನೇನೋ? ಆ ಹೊತ್ತು ಎಷ್ಟು ನೆನಸಿದ್ರೂ ಬರವಲ್ದು." ಆಗ ನೀನು ಗಂಡನ ಮನೆಯಲ್ಲಿದ್ದೆ, ನನಗೆ ಹನ್ನೆರಡು. ಬೆಳಿಗ್ಗೆ ಹೋದ ಅಪ್ಪ ಮಧ್ಯಾಹ್ನ ಒಬ್ಬನೇ ತಿರುಗಿ ಬಂದು, ಕೆಂಪು ಕಣ್ಣು ಬಿಟ್ಟು ಅಂಗಳದಲ್ಲಿ ನಿಂತು, "ನಾ ಎಲ್ಲಿಗೆ ಹೋಗಿದ್ನೋ?" ಎಂದು ನನ್ನನ್ನೇ ಕೇಳಿದ್ದ. ನಾನು ಓಡಿ ಹೋಗಿ ಸಿದ್ದವ್ವನನ್ನು ಕರೆತರುವಷ್ಟರಲ್ಲಿ ಅವ್ವ ಉಳಿದಿರಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಮೊನ್ನೆ ಅಪ್ಪನಿಗೆ, "ಇಲ್ಲಪ್ಪಾ, ನೀ ಓಡಕೋತ ಹೋಗಿ ಓಡಕೋತ ಬಂದಿದ್ದಿ," ಎಂದೆ. ಅವನು ನಂಬಿದ. ನಿನ್ನನ್ನೂ ಕೇಳಬಹುದು. ಕೇಳಿದರೆ ಹಾಗೆಯೇ ಹೇಳು. ಸಿಟ್ಟು ಬಂದರೆ ನನಗೆ ಬರೆ.